ಎಡಗಡೆ ರಿಪೋರ್ಟ್ ಕೇಳುತ್ತಿದ್ದ ಕ್ಯಾಪ್ಟನ್

ನಿಮಗೆ ಯಾವಾಗಲಾದರೂ ಹೀಗಾಗಿದೆಯಾ? ಒಬ್ಬರ ಜೊತೆ ವರ್ಷಗಟ್ಟಲೆ ಆನ್‌ಲೈನ್‌ನಲ್ಲಿ ಹರಟಿರುತ್ತೀರಿ, ಗೇಮ್ ಆಡಿರುತ್ತೀರಿ, ಅವರು ಓಡು ಅಂದರೆ ಓಡಿರುತ್ತೀರಿ, ಕೂರು ಅಂದರೆ ಕೂತಿರುತ್ತೀರಿ. ಅವರ ಜೋಕಿಗೆ ಬಿದ್ದು ಬಿದ್ದು ನಕ್ಕಿರುತ್ತೀರಿ. ಆಮೇಲೆ ಒಂದು ದಿನ, ಅದರಲ್ಲಿ ಅರ್ಧಕ್ಕರ್ಧ ಜೋಕೇ ಆಗಿರಲಿಲ್ಲ ಅಂತ ಗೊತ್ತಾಗುತ್ತದೆ. ಆಗಿದೆಯಾ? ಆಗಿದ್ದರೆ ಓದಿ. ಆಗಿಲ್ಲದಿದ್ದರೆ ಇನ್ನೂ ಗಮನ ಕೊಟ್ಟು ಓದಿ, ಮನೆಯಲ್ಲಿ ಸ್ಕೂಲಿಗೆ ಹೋಗುವ ಮಕ್ಕಳಿದ್ದರಂತೂ.

ನನ್ನದು ವಿಜಯನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅದಕ್ಕೆ ಮೊದಲು ಬಹಳ ವರ್ಷ ಟೂರ್ ಗಾಡಿ ಓಡಿಸಿದವನು. ನಮ್ಮದೊಂದು ಗ್ರೂಪ್ ಇದೆ. ಹಿಂದೆ ಸೈಬರ್ ಸೆಂಟರ್‌ಗಳಲ್ಲಿ ಕೂತು ಕಂಪ್ಯೂಟರ್ ಗೇಮ್ ಆಡುತ್ತಿದ್ದವರು, ಈಗ ಹೊಟ್ಟೆ ಬಂದು, ತಲೆ ಬೋಳಾಗಿ, ಫೋನಿನಲ್ಲಿ ಆಡುತ್ತೇವೆ. ಸಂಜೆ ಆಟ, ಹಗಲೆಲ್ಲ ಹರಟೆ. ಯಾವ ಫೋನ್ ಬಿಸಿಯಾಗುತ್ತದೆ, ಮಂಗಳ ಗ್ರಹದಲ್ಲಿ ಮನೆ ಕಟ್ಟಿದರೆ ನೀರು ಯಾರು ಬಿಡುತ್ತಾರೆ, ರೋಬೋ ಬಂದರೆ ಮೊದಲು ಯಾರ ಕೆಲಸ ಹೋಗುತ್ತದೆ, ಇಂಥವೇ. ಹೆಂಡತಿಯರು ಇದನ್ನು ಕೆಲಸಕ್ಕೆ ಬಾರದವರ ಸಂಘ ಅಂತ ಕರೆಯುತ್ತಾರೆ. ತಪ್ಪೇನಿಲ್ಲ.

ನಾನು ಹೇಳಹೊರಟಿರುವವರು ಆ ಗ್ರೂಪಿನ ಹಿರಿಯರು. ಹೆಸರು ಬರೆಯುವುದಿಲ್ಲ, ಕಾರಣ ಓದುತ್ತಾ ಗೊತ್ತಾಗುತ್ತದೆ. ಹೇರೋಹಳ್ಳಿಯ ಹಳೇ ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸೈಟುಗಳಾಗಿ, ಸೈಟುಗಳಲ್ಲಿ ಮನೆಗಳಾಗಿ, ಬಾಡಿಗೆ ಬರುತ್ತಿತ್ತು. ಆದರೂ ಇವರು ಹಳದಿ ಸ್ಕೂಲ್ ವ್ಯಾನ್ ಇಟ್ಟುಕೊಂಡು ಹೇರೋಹಳ್ಳಿಯಿಂದ ಗೋವಿಂದರಾಜನಗರದ ಒಂದು ಶಾಲೆಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದರು. “ನಿಮಗ್ಯಾಕಣ್ಣ ಈ ಕಷ್ಟ, ಬಾಡಿಗೆ ತಿಂದ್ಕೊಂಡು ಆರಾಮಾಗಿರಿ” ಅಂದರೆ, “ಬಾಡಿಗೆ ತಿನ್ನೋಕೆ ಹಲ್ಲಿಲ್ಲದೋರು ಸಾಕು. ನಂಗಿನ್ನೂ ಹಲ್ಲಿದೆ” ಅನ್ನುತ್ತಿದ್ದರು.

ಅವರಿಗೆ ಕ್ಯಾಪ್ಟನ್ ಅಂತ ಹೆಸರು ಬಿದ್ದದ್ದು ಇಂಥದೇ ಒಂದು ಹರಟೆಯಲ್ಲಿ. ಸೀನ ಅಂತ ನಮ್ಮ ಗ್ರೂಪಿನವನು, ಕ್ಯಾಪ್ಟನ್ ಮನೆಯ ಪಕ್ಕದ ಬೀದಿಯವನೇ, ಒಂದು ದಿನ ಕೇಳಿದ: “ಸಿನಿಮಾದಲ್ಲಿ ಈ ಬಾಹ್ಯಾಕಾಶದ ಹಡಗುಗಳಿಗೆ ಅಷ್ಟು ದೊಡ್ಡ ಗಾಜು ಯಾಕೆ? ಒಂದು ಕಲ್ಲು ಬಡಿದ್ರೆ ಎಲ್ಲಾ ಗೋವಿಂದ.”

“ಗಾಜು ಟಿಕೆಟ್ ತಗೊಂಡೋರಿಗೆ ಕಣೋ” ಅಂದರು ಅವರು. “ಸರಿಯಾಗಿ ನೋಡಿ, ಯಾವ ಕ್ಯಾಪ್ಟನ್ನೂ ಹೊರಗೆ ನೋಡಲ್ಲ. ಕುರ್ಚೀಲಿ ಕೂತು ‘ರಿಪೋರ್ಟ್’ ಅಂತಾನೆ ಅಷ್ಟೇ. ಎಡಗಡೆಯೋನು ಹೇಳ್ತಾನೆ, ಬಲಗಡೆಯೋನು ಹೇಳ್ತಾನೆ, ಇವನು ತೀರ್ಮಾನ ತಗೋತಾನೆ.”

“ಹಂಗಾದ್ರೆ ಕುರುಡನ್ನೂ ಕ್ಯಾಪ್ಟನ್ ಮಾಡ್ಬೋದಾ ಅಣ್ಣ?”

“ಟೀಮ್ ಚೆನ್ನಾಗಿದ್ರೆ ಯಾಕಾಗಲ್ಲ?”

ಎಲ್ಲರೂ ನಗುವ ಮುಖಗಳನ್ನು ಸಾಲಾಗಿ ಹಾಕಿದೆವು. ಅವರು ಹಾಕಲಿಲ್ಲ. ಅದು ಆಗ ಯಾರಿಗೂ ಕಾಣಲಿಲ್ಲ.

ಗೇಮಿನಲ್ಲೂ ಅವರು ಹಾಗೆಯೇ. ನಮ್ಮದು ಗುಂಪು ಕಟ್ಟಿಕೊಂಡು ಗುಂಡು ಹಾರಿಸುವ ಆಟ. ನಾಲ್ಕು ಜನ, ಕಿವಿಯಲ್ಲಿ ಹೆಡ್‌ಫೋನ್, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳುತ್ತಾ ಹೋಗಬೇಕು. ಅವರು ಬರುವ ಮೊದಲು ನಮ್ಮದು ಬರೀ ಕೂಗಾಟ. “ಅಲ್ಲಿ ಅಲ್ಲಿ! ಅಯ್ಯೋ ಅಲ್ಲಿ ಗುರು!” ಅಂತ ಅರಚುವುದು, ಸಾಯುವುದು. ಅವರು ಬಂದ ಮೇಲೆ ಶಿಸ್ತು ಬಂತು.

“ಅಲ್ಲಿ ಅಂದ್ರೆ ಎಲ್ಲೋ? ನಿಮ್ಮತ್ತೆ ಮನೆ ಹತ್ರಾನಾ? ಯಾವ ಕಡೆ, ಏನು, ಎಷ್ಟು ದೂರ. ಮೂರೇ ಮಾತು. ಕಂಡಿದ್ದು ಹೇಳು, ಅನ್ಸಿದ್ದು ಹೇಳ್ಬೇಡ.”

ಈ ಕೊನೆಯ ಮಾತು ನಮ್ಮ ಗ್ರೂಪಿನ ಮಂತ್ರವೇ ಆಗಿಹೋಯಿತು. ಯಾರಾದರೂ ಷೇರು ಮಾರುಕಟ್ಟೆಯ ಬಗ್ಗೆ ರೀಲು ಬಿಟ್ಟರೂ “ಕಂಡಿದ್ದು ಹೇಳಪ್ಪ” ಅಂತ ಬೀಳುತ್ತಿತ್ತು. ನನ್ನನ್ನು ಯಾವಾಗಲೂ ತಮ್ಮ ಎಡಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು. “ಎಡಗಡೆ ನಿಂದು ಮಗಾ, ನಾನು ಆ ಕಡೆ ನೋಡೋದೇ ಇಲ್ಲ, ನಿನ್ನೇ ನಂಬಿದೀನಿ.” ಎಷ್ಟು ಹೆಮ್ಮೆ ಪಟ್ಟಿದ್ದೆ ಗೊತ್ತಾ? ಸೋಲುತ್ತಿದ್ದವರು ಗೆಲ್ಲತೊಡಗಿದೆವು. ನಾಯಕತ್ವ ಅಂದರೆ ಇದು ಅಂದುಕೊಂಡೆವು.

ಇನ್ನೊಂದು ವಿಚಿತ್ರ ಇತ್ತು. ಆಟ ಆಡುವವರು ಎಲ್ಲರೂ ದೊಡ್ಡ ಸ್ಕ್ರೀನ್ ಬೇಕು ಅಂತ ಬಾಯಿ ಬಿಡುತ್ತಾರೆ. ಇವರ ಮನೆಯಲ್ಲಿ ಗೋಡೆಯಗಲ ಟಿವಿ ಇತ್ತು, ಅದಕ್ಕೆ ಗೇಮ್ ಜೋಡಿಸಿ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಬಿಟ್ಟು ಫೋನಿಗೆ ಬಂದರು. ಆಮೇಲೆ ನನ್ನ ಅಂಗಡಿಗೆ ಬಂದು, ಇದ್ದ ಫೋನಿಗಿಂತ ಚಿಕ್ಕದು ಬೇಕು ಅಂದರು.

“ಯಾರಾದ್ರೂ ಚಿಕ್ಕದಕ್ಕೆ ಹೋಗ್ತಾರಾ ಕ್ಯಾಪ್ಟನ್?”

“ದೊಡ್ಡದ್ರಲ್ಲಿ ಬೇಡದ್ದೆಲ್ಲಾ ತೋರಿಸ್ತಾನೆ. ನಂಗೆ ಮಧ್ಯದಲ್ಲಿ ಇರೋದು ಸಾಕು.”

ವಿಜಯನಗರದ ದರ್ಶಿನಿಯಲ್ಲಿ ಒಮ್ಮೆ ನಾವೆಲ್ಲ ಸೇರಿದ್ದೆವು. ಕ್ಯಾಪ್ಟನ್ ತಮ್ಮ ಎಡಕ್ಕೆ ಗೋಡೆ ಬರುವ ಜಾಗ ಹುಡುಕಿ ನಿಂತರು. ತಟ್ಟೆ ಇಡಲು ಹೋಗಿ ಪಕ್ಕದವರ ಕಾಫಿ ಲೋಟ ಬೀಳಿಸಿದರು. ಒಂದು ಕ್ಷಣ ಮುಖ ಬಿಳಿಚಿಕೊಂಡಿತು. ಆಮೇಲೆ, “ಸಾರಿ ಸಾರ್, ಗ್ರಾಫಿಕ್ಸ್ ಇನ್ನೂ ಲೋಡ್ ಆಗಿರ್ಲಿಲ್ಲ” ಅಂದರು. ಕಾಫಿ ಚೆಲ್ಲಿಸಿಕೊಂಡವರೂ ನಕ್ಕರು.

ಡ್ರೈವರ್ ಇಲ್ಲದ ಕಾರುಗಳ ಬಗ್ಗೆ ಹರಟೆ ಶುರುವಾದಾಗ ಮಾತ್ರ ಅವರು ಗಂಭೀರವಾಗುತ್ತಿದ್ದರು. ನಾವು, ಆ ಕಾರು ಮಾಗಡಿ ರೋಡಿಗೆ ಬಂದರೆ ಎಡಗಡೆಯಿಂದ ನುಗ್ಗುವ ಬೈಕುಗಳನ್ನು ನೋಡಿ ಅತ್ತುಬಿಡುತ್ತದೆ ಅಂತ ತಮಾಷೆ ಮಾಡುತ್ತಿದ್ದೆವು. ಅವರು ಕೇಳಿದರು: “ಆ ಕಾರಿಗೆ ಸುತ್ತ ಕ್ಯಾಮೆರಾ ಇರ್ತಾವಲ್ಲ, ಒಂದು ಹಾಳಾಯ್ತು ಅಂದ್ಕೋ. ಆಗ ಓಡುತ್ತಾ, ನಿಲ್ಲುತ್ತಾ?”

“ನಿಲ್ಲುತ್ತೆ ಅಣ್ಣ. ಹಂಗೇ ಮಾಡಿರ್ತಾರೆ” ಅಂದ ಸೀನ.

“ಬೇರೆ ಕ್ಯಾಮೆರಾಗಳು ಸರಿ ಇದ್ರೂ?”

“ಸರಿ ಇದ್ರೂ.”

ಅವರ ಉತ್ತರ ಬಂತು: “ಹೇಡಿ ಕಾರು.”

ಇನ್ನು ಒಂದು ವಿಡಿಯೋ ವಿಷಯಕ್ಕೆ ಬರುತ್ತೇನೆ.

ಸೀನನ ಮಗಳು ಚಿನ್ಮಯಿ, ಎರಡನೇ ಕ್ಲಾಸು, ಕ್ಯಾಪ್ಟನ್ ವ್ಯಾನಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಮೊದಲು ಹತ್ತುವವಳೂ ಅವಳೇ, ಮಧ್ಯಾಹ್ನ ಕೊನೆಗೆ ಇಳಿಯುವವಳೂ ಅವಳೇ. ಮಗು ಅಷ್ಟು ಹೊತ್ತು ವ್ಯಾನಿನಲ್ಲಿ ಸುತ್ತುತ್ತದೆ ಅಂತ ಸೀನನ ಹೆಂಡತಿಗೆ ಬೇಜಾರಿತ್ತು. ಕೇಳಿದರೆ ಕ್ಯಾಪ್ಟನ್, “ಅವಳು ನನ್ನ ಲೆಫ್ಟ್ ಆಫೀಸರ್ ಕಣಮ್ಮ, ಅವಳಿಲ್ದೆ ಹಡಗು ಹೊರಡಲ್ಲ” ಅಂದಿದ್ದರಂತೆ. ಮಗುವಿಗೆ ಕೊಂಬು ಬಂದಿತ್ತು. ಮುಂದಿನ ಸೀಟು ಬೇರೆ.

ಒಂದು ದಿನ ಯಾವುದೋ ಮಗುವಿನ ತಾಯಿ ಅದೇ ವ್ಯಾನಿನ ಹಿಂದಿನ ಸೀಟಿನಲ್ಲಿ ಬಂದವರು ಒಂದು ವಿಡಿಯೋ ತೆಗೆದಿದ್ದರು. ಸೀನ ಅದನ್ನು ತಂದು ಗ್ರೂಪಿಗೆ ಹಾಕಿದ. ವ್ಯಾನ್ ಮುಖ್ಯರಸ್ತೆಯಲ್ಲಿ ಹೋಗುತ್ತಿದೆ. ಕ್ಯಾಪ್ಟನ್ ಸ್ಟೀರಿಂಗ್ ಹಿಡಿದು ಕೂಗುತ್ತಾರೆ, “ಎಡಗಡೆ ರಿಪೋರ್ಟ್!”

“ಎಡಗಡೆ ಬೈಕ್ ಕ್ಯಾಪ್ಟನ್! ಹತ್ರ!” ಚಿನ್ಮಯಿಯ ಧ್ವನಿ.

“ಹೋಯ್ತಾ?”

“ಹೋಯ್ತು! ಕ್ಲಿಯರ್!”

“ಹಡಗು ತಿರುಗ್ತಾ ಇದೆ! ಎಲ್ಲಾ ಹಿಡ್ಕೊಳ್ಳಿ!” ಮಕ್ಕಳೆಲ್ಲ ಹೋ ಅಂತ ಕೂಗುತ್ತಾರೆ.

ಗ್ರೂಪಿನಲ್ಲಿ ಹೃದಯಗಳ ಸುರಿಮಳೆ. ನಮ್ಮ ಗೇಮಿನ ಶಿಸ್ತನ್ನು ಮಕ್ಕಳಿಗೂ ಕಲಿಸಿದ್ದಾರಲ್ಲ ಅಂತ ನಾನೂ ಒಂದು ಹೃದಯ ಹಾಕಿದೆ. ಆದರೆ ವಿಡಿಯೋ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಎಡ ತಿರುವು ಬರುತ್ತದೆ. ಅಷ್ಟರಲ್ಲಿ ಚಿನ್ಮಯಿಯ ಟಿಫನ್ ಡಬ್ಬಿ ಕೆಳಗೆ ಬಿದ್ದು, ಅವಳು ಬಗ್ಗಿ ಹುಡುಕುತ್ತಿದ್ದಾಳೆ. ಕ್ಯಾಪ್ಟನ್ “ಎಡಗಡೆ ರಿಪೋರ್ಟ್” ಅನ್ನುತ್ತಾರೆ. ಉತ್ತರವಿಲ್ಲ. ವ್ಯಾನ್ ನಿಲ್ಲುತ್ತದೆ. ಎಡಗಡೆಯ ಕಿಟಕಿಗಳಲ್ಲಿ ರಸ್ತೆ ಪೂರ್ತಿ ಖಾಲಿ, ಒಂದು ಸೈಕಲ್ ಕೂಡ ಇಲ್ಲ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ವ್ಯಾನ್ ಅಲುಗುವುದಿಲ್ಲ. “ಚಿನ್ನು, ರಿಪೋರ್ಟ್” ಅನ್ನುತ್ತಾರೆ ಅವರು, ಈ ಸಲ ಆಟದ ಧ್ವನಿಯಲ್ಲಿ ಅಲ್ಲ. ಮಗು ತಲೆ ಎತ್ತಿ “ಕ್ಲಿಯರ್” ಅಂದ ಮೇಲೇ ವ್ಯಾನ್ ತಿರುಗುತ್ತದೆ.

ಗಾಡಿ ಓಡಿಸಿದವರು ಯಾರೇ ಆಗಲಿ, ತಿರುಗುವ ಮೊದಲು ಕಣ್ಣು ತಾನಾಗಿಯೇ ಎಡಗಡೆಯ ಕನ್ನಡಿಗೆ ಹೋಗುತ್ತದೆ. ನಿದ್ದೆಯಲ್ಲೂ ಹೋಗುತ್ತದೆ. ನಾನು ಮತ್ತೆ ಮತ್ತೆ ಹಾಕಿ ನೋಡಿದೆ. ಅವರ ತಲೆ ಒಂದು ಸಲವೂ ಆ ಕಡೆ ಹೋಗಲಿಲ್ಲ. ಗೇಮಿನಲ್ಲಿ ಅವರು ನನಗೆ ಹೇಳುತ್ತಿದ್ದ ಮಾತು ನೆನಪಾಯಿತು: ಎಡಗಡೆ ನಿಂದು ಮಗಾ, ನಾನು ಆ ಕಡೆ ನೋಡೋದೇ ಇಲ್ಲ.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಶಾಲೆಯ ಹತ್ತಿರ ಹೋದೆ. ಅವರು ಬೆಳಿಗ್ಗೆ ಮಕ್ಕಳನ್ನು ಇಳಿಸಿ ಮನೆಗೆ ಹೋಗುತ್ತಿರಲಿಲ್ಲ. ಶಾಲೆಯ ಪಕ್ಕದ ಗಲ್ಲಿಯಲ್ಲಿ, ಹೊಂಗೆ ಮರದ ಕೆಳಗೆ ವ್ಯಾನ್ ನಿಲ್ಲಿಸಿ, ಶಾಲೆ ಬಿಡುವವರೆಗೆ ಅಲ್ಲೇ. ಹಗಲೆಲ್ಲ ಗ್ರೂಪಿನಲ್ಲಿ ಅವರೇ ಏಕೆ ಇರುತ್ತಿದ್ದರು ಅಂದರೆ ಇದಕ್ಕೇ. ಡೀಸೆಲ್ ಉಳಿತಾಯ ಅನ್ನುತ್ತಿದ್ದರು. ಮಕ್ಕಳಿಲ್ಲದೆ ವ್ಯಾನ್ ಓಡಿಸಲಾಗುವುದಿಲ್ಲ ಅನ್ನುವುದು ನನಗೆ ಆ ಮರ ನೋಡಿದಾಗಲೇ ಹೊಳೆದದ್ದು.

“ಏನ್ ಗುರು, ಅಂಗಡಿ ಮುಚ್ಚಿ ಬಂದಿದೀಯ?”

“ಬನ್ನಿ ಕ್ಯಾಪ್ಟನ್, ಊಟಕ್ಕೆ ಹೋಗೋಣ. ವ್ಯಾನಲ್ಲೇ ಹೋಗೋಣ.”

“ನಡ್ಕೊಂಡು ಹೋದ್ರೆ ಏನಾಗುತ್ತೆ? ಹೊಟ್ಟೆ ನೋಡ್ಕೋ.”

“ಮಂಡಿ ನೋವು. ವ್ಯಾನಲ್ಲೇ.”

ಒಂದು ನಿಮಿಷ ನನ್ನ ಮುಖ ನೋಡಿದರು. ನೇರ ನೋಡಿದರೆ ಆ ಕಣ್ಣಲ್ಲಿ ಏನೂ ಕೊರತೆ ಕಾಣುತ್ತಿರಲಿಲ್ಲ. “ಸರಿ, ಎಡಗಡೆ ಕೂತ್ಕೋ” ಅಂದರು.

ಚಿನ್ಮಯಿಯ ಸೀಟಿನಲ್ಲಿ ಕೂತೆ. ವ್ಯಾನ್ ನಿಧಾನವಾಗಿ ಗಲ್ಲಿಯ ತುದಿಗೆ ಬಂತು. ಬಲಗಡೆ ಅವರೇ ಕತ್ತು ಚಾಚಿ ಚಾಚಿ ನೋಡಿದರು. ಆಮೇಲೆ, ಹಾಡಿನ ಹಾಗೆ, “ಎಡಗಡೆ ರಿಪೋರ್ಟ್.”

ನಾನು ಮಾತಾಡಲಿಲ್ಲ.

ಎಡಗಡೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಒಂದು ನಾಯಿ ಮಲಗಿತ್ತು, ಅದೂ ಗೇಟಿನ ಒಳಗೆ. ಇಂಜಿನ್ ಗುರುಗುಡುತ್ತಿತ್ತು.

“ಹೇಳೋ.”

ನಾನು ಸುಮ್ಮನಿದ್ದೆ. ಅವರೂ ಹೊರಡಲಿಲ್ಲ. ಖಾಲಿ ರಸ್ತೆಯ ಮುಂದೆ ಇಬ್ಬರು ಗಂಡಸರು ಹಾಗೆ ಕೂತಿದ್ದೆವು. ಕೊನೆಗೆ ಅವರೇ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು.

“ಯಾವಾಗ ಗೊತ್ತಾಯ್ತು?”

“ವಿಡಿಯೋ.”

ತಲೆ ಆಡಿಸಿದರು. “ಗೇಮಲ್ಲಿ ಏಟು ಬಿದ್ದಾಗ ಸ್ಕ್ರೀನ್ ಸುತ್ತ ಅಂಚು ಕಪ್ಪಾಗುತ್ತಲ್ಲ? ಹಂಗೆ ಕಣೋ. ಗೇಮಲ್ಲಿ ಗೋಡೆ ಮರೆಗೆ ಕೂತು ಸ್ವಲ್ಪ ಹೊತ್ತು ಕಾದ್ರೆ ತಾನೇ ಸರಿಹೋಗುತ್ತೆ. ನಾನೂ ಕಾದೆ.” ಕಣ್ಣಿನೊಳಗೆ ಒತ್ತಡ ಅಂತ ಡಾಕ್ಟರು ಹೇಳಿದ್ದರಂತೆ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ, ಗಾಡಿ ಬಿಡಿ ಅಂದಿದ್ದರಂತೆ. ಹನಿ ಹಾಕಿಕೊಂಡರು.

“ಕತ್ತು ತಿರುಗಿಸಿ ನೋಡ್ಬೋದಲ್ವಾ?”

“ಬಲಗಡೆ ಇನ್ನೂ ಸ್ವಲ್ಪ ಉಳಿದಿದೆ. ಎಡಗಡೆ ಪೈಪಲ್ಲಿ ನೋಡಿದಂಗೆ. ತಿರುಗಿದ್ರೆ ಒಂದು ಗೇಟ್ ಕಾಣುತ್ತೆ, ಇಲ್ಲ ಒಂದು ಕಂಬ ಕಾಣುತ್ತೆ. ಮಧ್ಯದಲ್ಲಿ ಏನ್ ಬರ್ತಿದೆ ಅಂತ ಕಾಣೋ ಹೊತ್ತಿಗೆ ಅದು ಬಂದಾಗಿರುತ್ತೆ. ಆದ್ರೆ ಒಂದು ದಿನಾನೂ ಒಂದು ಗೀಚು ಬಿದ್ದಿಲ್ಲ ಗುರು, ಬೇಕಿದ್ರೆ ವ್ಯಾನ್ ನೋಡು. ಆ ಮಕ್ಕಳು ನಿಮ್ಮಂಗೆ ಅರಚಲ್ಲ. ಯಾವ ಕಡೆ, ಏನು, ಎಷ್ಟು ದೂರ. ನಂಗೆ ಎರಡು ಕಣ್ಣು ಹೋದ್ರೆ ಅಲ್ಲಿ ವ್ಯಾನ್ ತುಂಬ ಕಣ್ಣಿದಾವೆ.”

ಆ ಮಾತು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಭಯವಾದದ್ದು ಅದಕ್ಕೆ.

“ಇವತ್ತು ನೀವು ಓಡ್ಸಲ್ಲ” ಅಂದೆ.

“ಅರ್ಧ ಆಟದಲ್ಲಿ ಕ್ಯಾಪ್ಟನ್‌ನ ಆಚೆ ಹಾಕ್ತೀಯಾ? ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಬಿಡ್ತೀನಿ.”

“ಇವತ್ತು ಮಧ್ಯಾಹ್ನಾನೇ ನೀವು ಓಡ್ಸಲ್ಲ. ನಾನು ಓಡಿಸ್ತೀನಿ, ನೀವು ಪಕ್ಕ ಕೂತ್ಕೊಳ್ಳಿ. ಹೇರೋಹಳ್ಳಿಗೆ ಹೋಗಿ ಸೀನಂಗೆ ನೀವೇ ಹೇಳಿ. ಇಲ್ಲಾಂದ್ರೆ ಈಗಲೇ ನಾನು ಫೋನ್ ಮಾಡ್ತೀನಿ.”

ಬಹಳ ಹೊತ್ತಿನ ಮೇಲೆ ಕೀಲಿ ನನ್ನ ಕೈಗೆ ಬಂತು. ಊಟ ಇಬ್ಬರೂ ಮಾಡಲಿಲ್ಲ.

ಶಾಲೆ ಬಿಟ್ಟಿತು. ಮಕ್ಕಳು ಹತ್ತಿದರು. ಚಿನ್ಮಯಿ ಬಾಗಿಲಲ್ಲೇ ನಿಂತಳು. “ಕ್ಯಾಪ್ಟನ್, ಅದು ನನ್ನ ಸೀಟು.”

“ಇವತ್ತು ನಾನು ಆಫೀಸರ್ ಪುಟ್ಟಿ. ನೀನು ನನ್ನ ಹಿಂದೆ ಕೂತ್ಕೋ. ಈ ಅಂಕಲ್ ಕ್ಯಾಪ್ಟನ್.”

“ಈ ಅಂಕಲ್‌ಗೆ ಬರುತ್ತಾ?”

ಎಲ್ಲರೂ ನಕ್ಕರು. ದಾರಿಯುದ್ದಕ್ಕೂ ಅವರು ತಮಾಷೆ ಮಾಡುತ್ತಲೇ ಇದ್ದರು. ಒಂದೊಂದು ಮಗು ಇಳಿಯುವಾಗಲೂ ತಲೆ ಸವರಿದರು, ಕೈ ಒಮ್ಮೊಮ್ಮೆ ಗಾಳಿಯಲ್ಲಿ ಹೋಗಿ ಆಮೇಲೆ ತಲೆ ಸಿಗುತ್ತಿತ್ತು. ಸುಂಕದಕಟ್ಟೆ ದಾಟುವ ಹೊತ್ತಿಗೆ ಚಿನ್ಮಯಿ ಒಬ್ಬಳೇ ಉಳಿದಿದ್ದಳು. ಹೇರೋಹಳ್ಳಿಯ ಕಡೆ ಎಡಕ್ಕೆ ತಿರುಗಬೇಕು. ಎದುರಿಗೆ ಬಸ್ಸು, ಬಲಗಡೆ ನೀರಿನ ಟ್ಯಾಂಕರ್ ಒತ್ತುತ್ತಿತ್ತು, ನನ್ನ ಗಮನವೆಲ್ಲ ಅತ್ತ. ವೇಗ ಇಳಿಸಿ ಇಂಡಿಕೇಟರ್ ಹಾಕಿದೆ.

ಅವರು ಕಿಟಕಿಯ ಕಡೆ ತಿರುಗಿ, ನಾನು ಕೇಳದೆಯೇ, ಗೇಮಿನಲ್ಲಿ ಹೇಳುವ ಅದೇ ಗಟ್ಟಿ ಧ್ವನಿಯಲ್ಲಿ ಹೇಳಿದರು: “ಎಡಗಡೆ ಕ್ಲಿಯರ್!”

ನಿಜ ಹೇಳುತ್ತೇನೆ, ಇಪ್ಪತ್ತು ವರ್ಷ ಗಾಡಿ ಓಡಿಸಿದ ನನ್ನ ಕಣ್ಣು ಕನ್ನಡಿಗೆ ಹೋಗಲಿಲ್ಲ. ಆ ಧ್ವನಿ ಅಂದರೆ ಅಷ್ಟು ಅಭ್ಯಾಸ. ಕೈ ಸ್ಟೀರಿಂಗ್ ತಿರುಗಿಸಿಯೇಬಿಟ್ಟಿತ್ತು.

“ಇಲ್ಲ! ಬೈಕ್! ಹತ್ರ!” ಹಿಂದಿನಿಂದ ಚಿನ್ಮಯಿ ಕಿರುಚಿದಳು.

ಬ್ರೇಕ್ ಒತ್ತಿದೆ. ಎಡಗಡೆಯಿಂದ ಒಂದು ಬೈಕು ವ್ಯಾನಿನ ಮೂಗು ಸವರಿಕೊಂಡು ಹೋಯಿತು. ಡೆಲಿವರಿ ಹುಡುಗ, ಬೆನ್ನ ಮೇಲೆ ದೊಡ್ಡ ಚೀಲ. ಒಂದು ಕಾಲು ನೆಲಕ್ಕೆ ಕೊಟ್ಟು, ತೂರಾಡಿ, ಸಾವರಿಸಿಕೊಂಡು, ಬೈದುಕೊಂಡು ಹೋದ.

ಆಮೇಲೆ ಮಗು, ಸಿಟ್ಟಿನಲ್ಲಿ, ಟೀಚರ್ ಹಾಗೆ ಬೈದಳು: “ಕ್ಯಾಪ್ಟನ್, ಕಂಡಿದ್ದು ಹೇಳ್ಬೇಕು, ಅನ್ಸಿದ್ದು ಹೇಳ್ಬಾರ್ದು. ನೀವೇ ತಾನೇ ಹೇಳ್ಕೊಟ್ಟಿದ್ದು?”

ಅವರು ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದಕ್ಕೆ ನೋಡುತ್ತಾ ಕೂತರು. ಅವರಿಗೆ ಕಾಣುತ್ತಿದ್ದದ್ದು ಅದೊಂದೇ.

ಸೀನನ ಮನೆ ಬಾಗಿಲಲ್ಲಿ ಅವರೇ ಹೇಳಿದರು. ಜೋಕ್ ಇಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೈಕಿನ ವಿಷಯವನ್ನೂ ಮುಚ್ಚಿಡಲಿಲ್ಲ. ಸೀನ ಪೂರ್ತಿ ಕೇಳಿಸಿಕೊಂಡ. ಮಗಳ ಬ್ಯಾಗ್ ತೆಗೆದುಕೊಂಡು, ಅವಳನ್ನು ಒಳಗೆ ಕಳಿಸಿ, ಬಾಗಿಲು ಎಳೆದುಕೊಂಡ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಮೆಲ್ಲಗೆ ಕೇಳಿದ:

“ಅಣ್ಣ, ನನ್ನ ಮಗಳು ನಿಮ್ಮ ಗಾಡಿಗೆ ಕನ್ನಡಿನಾ?”

ಅವರು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಅವನ ಕಡೆ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ನಾನೇ ಇಟ್ಟುಕೊಂಡೆ.

ಸಂಜೆಯೊಳಗೆ ಎಲ್ಲ ಪೋಷಕರಿಗೂ ಗೊತ್ತಾಯಿತು. ಮಾರನೇ ದಿನದಿಂದ ಬೇರೆ ವ್ಯಾನ್. ನಮ್ಮ ಗ್ರೂಪಿನಲ್ಲಿ ಯಾರಿಗೂ ಏನು ಬರೆಯಬೇಕೋ ತಿಳಿಯಲಿಲ್ಲ. ಅವರೇ ಬರೆದರು: “ಆ ಕಾರು ಹೇಡಿ ಅಲ್ಲ.” ಅಷ್ಟು ಹಾಕಿ ಗ್ರೂಪ್ ಬಿಟ್ಟರು. ಫೋನ್ ನಂಬರ್ ಈಗ ಚಾಲ್ತಿಯಲ್ಲಿಲ್ಲ. ಮನೆಯ ಹತ್ತಿರ ಹೋದರೆ ಬೀಗ. ಮೇಲಿನ ಮನೆಯ ಬಾಡಿಗೆಯವರು, ಕೆಂಗೇರಿ ಕಡೆ ಮಗಳ ಮನೆಗೆ ಹೋದರು ಅನ್ನುತ್ತಾರೆ. ನಮ್ಮ ಆಟ ಈಗಲೂ ಇದೆ. ಅವರು ಹೇಳಿಕೊಟ್ಟ ಮೂರು ಮಾತಿನ ಶಿಸ್ತೂ ಇದೆ. ಅವರ ಜಾಗಕ್ಕೆ ಯಾರೂ ಬಂದಿಲ್ಲ.

ಆದರೆ ನಾನು ಇದನ್ನು ಬರೆಯಲು ಕೂತದ್ದು ಅವರ ನೆನಪಿಗೆ ಮಾತ್ರ ಅಲ್ಲ. ಆ ವಿಡಿಯೋ ನಮ್ಮ ಗ್ರೂಪಿನಲ್ಲೇ ಉಳಿಯಲಿಲ್ಲ. ಯಾರೋ ಅದಕ್ಕೆ ಸಂಗೀತ ಸೇರಿಸಿ, ಟಿಫನ್ ಡಬ್ಬಿಯ ಭಾಗ ಕತ್ತರಿಸಿ, ಬರೀ ಮಕ್ಕಳು ಕೂಗುವಷ್ಟನ್ನು ಬಿಟ್ಟಿದ್ದಾರೆ. ನನ್ನ ಅಂಗಡಿಗೆ ರಿಪೇರಿಗೆ ಬರುವವರೇ ನನಗೆ ತೋರಿಸುತ್ತಾರೆ, “ನೋಡಿ ಸಾರ್, ಎಷ್ಟು ಕ್ಯೂಟಾಗಿದೆ” ಅಂತ. ಕೆಳಗೆ ಜನ, ನಮ್ಮ ವ್ಯಾನಿನಲ್ಲೂ ಹೀಗೇ ಶುರು ಮಾಡಿದ್ದಾರೆ ಅಂತ ಬರೆಯುತ್ತಿದ್ದಾರೆ.

ಮೊನ್ನೆ ನಾಗರಬಾವಿಯ ಸಿಗ್ನಲ್‌ನಲ್ಲಿ ನನ್ನ ಬೈಕಿನ ಪಕ್ಕ ಒಂದು ಹಳದಿ ವ್ಯಾನ್ ಬಂದು ನಿಂತಿತು. ಮುಂದಿನ ಎಡ ಸೀಟಿನಲ್ಲಿ ಎರಡು ಜಡೆಯ ಒಂದು ಮಗು. ಅವಳು ನನ್ನನ್ನೇ ನೋಡಿ, ಒಳಗೆ ತಿರುಗಿ, ಗಟ್ಟಿಯಾಗಿ ಹೇಳಿದಳು: “ಎಡಗಡೆ ಬೈಕ್ ಕ್ಯಾಪ್ಟನ್! ಹತ್ರ!” ನಾನು ಬಗ್ಗಿ ಡ್ರೈವರ್ ಕಡೆ ನೋಡಿದೆ. ಚಿಕ್ಕ ವಯಸ್ಸಿನವನು, ಕಪ್ಪು ಕನ್ನಡಕ, ಮುಖದಲ್ಲಿ ನಗು. ಕೈ ಬೀಸಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಹಸಿರು ಬಂತು. ಆಟ ಆಡಿಸುತ್ತಿದ್ದನೋ ಏನೋ. ಇರಬಹುದು.

ಈವತ್ತು ನಿಮ್ಮ ಮಕ್ಕಳು ಮನೆಗೆ ಬಂದಾಗ ಕೇಳಿ: ವ್ಯಾನಿನಲ್ಲಿ ಡ್ರೈವರ್ ಅಂಕಲ್ ಯಾವ ಆಟ ಆಡಿಸುತ್ತಾರೆ, ಯಾರು ಎಲ್ಲಿ ಕೂರುತ್ತಾರೆ, ಯಾರು ಏನು ಹೇಳಬೇಕು. ಅವರು ಹೇಳಿದ್ದನ್ನು ಇಲ್ಲಿ ಕೆಳಗೆ ಹಾಗೆಯೇ ಬರೆಯಿರಿ. ನಗು ಬರುವಂಥದ್ದಾದರೂ ಬರೆಯಿರಿ. ನಾವೂ ಮೊದಲು ನಕ್ಕಿದ್ದೆವು.